ಅಡಿಟಿಪ್ಪಣಿಯ ಅತ್ತೆ

ನಮ್ಮ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ, ಓದಬಲ್ಲವಳು ನಾನೊಬ್ಬಳೇ. ನಮ್ಮ ಯಜಮಾನರು ಓದಿದ್ದು ತಮಿಳು ಶಾಲೆಯಲ್ಲಿ, ಮಗಳು ಓದಿದ್ದೂ ಅಲ್ಲೇ. ಅತ್ತೆ ಯಾವ ಶಾಲೆಯ ಹೊಸಿಲನ್ನೂ ದಾಟಿದವರಲ್ಲ. ನಾನು ಆನೇಕಲ್ ಕಡೆಯವಳು, ಹತ್ತನೇ ತರಗತಿ ತನಕ ಕನ್ನಡದಲ್ಲೇ ಓದಿ, ಗಡಿಯಾಚೆ ತಮಿಳುನಾಡಿನ ಅಂಚೆಟ್ಟಿ ಹತ್ತಿರದ ಒಂದು ಗುಡ್ಡದ ಹಳ್ಳಿಗೆ ಸೊಸೆಯಾಗಿ ಬಂದೆ. ಬಂದ ಮೇಲೆ ಆ ಓದು ಕ್ಯಾಲೆಂಡರು ನೋಡುವುದಕ್ಕೂ ಒದಗಲಿಲ್ಲ, ಕ್ಯಾಲೆಂಡರೂ ತಮಿಳಿನದೇ. ಆಮೇಲೆ ಯಜಮಾನರಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ನಾವು ಪಕ್ಕದ ಮತ್ತಿಗಿರಿಗೆ ಬಂದೆವು. ಅತ್ತೆಯೂ ಬಂದರು. ಅವರು ಸತ್ತಮೇಲೂ ನನಗೆ ಬಹುವಚನ ಬಿಡಲು ಆಗಿಲ್ಲ. ಹೆದರಿಕೆ ಒಂದು ಸಲ ನಾಲಿಗೆಗೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ.

ಅವರ ವಿಷಯ ಬಂದಾಗ ನೆಂಟರೆಲ್ಲ "ಸ್ವಲ್ಪ ಖಾರ, ಮನಸ್ಸು ಮಾತ್ರ ಒಳ್ಳೇದು" ಅನ್ನುತ್ತಿದ್ದರು. ಒಂದು ಹೊತ್ತು ಬಂದು ಉಂಡು ಹೋಗುವವರಿಗೆ ಹಾಗೆ ಕಾಣುವುದು ಸಹಜ. ಹಳ್ಳಿಯಲ್ಲಿದ್ದಾಗ ರಾಗಿ, ಕಾಳು ಇಡುವ ಕೋಣೆಯ ಬೀಗದಕೈ ಅವರ ಸೊಂಟದಲ್ಲಿ ಇರುತ್ತಿತ್ತು. ಮತ್ತಿಗಿರಿಗೆ ಬಂದಮೇಲೆ ಕೋಣೆ ಹೋಯಿತು, ಫ್ರಿಜ್ ಬಂತು. ಬೀಗ ಹಾಕಲು ಬರುವ ಫ್ರಿಜ್ಜೇ ಬೇಕೆಂದು ಮಗನಿಗೆ ಹೇಳಿ ತರಿಸಿದರು. ನನ್ನ ಮಗಳಿಗೆ ಹಾಲು ಬೇಕಾದರೆ ನಾನು ಹೋಗಿ ಕೇಳಬೇಕಿತ್ತು. ಮೊದಲ ಸಲ ಕೇಳಿದ್ದು ಅವರ ಕಿವಿಗೆ ಬೀಳುತ್ತಿರಲಿಲ್ಲ, ಎರಡನೆಯ ಸಲ ಗಟ್ಟಿಯಾಗಿ ಕೇಳಬೇಕು. ಪಕ್ಕದ ಮನೆಯವರಿಗೂ ಗೊತ್ತಾಗಬೇಕಲ್ಲ, ಈ ಮನೆಯಲ್ಲಿ ಹಾಲು ಯಾರ ಕೈಯಲ್ಲಿದೆ ಅಂತ.

ಇದನ್ನೆಲ್ಲ ನಾನು ನುಂಗಿಕೊಂಡಿದ್ದೆ. ನುಂಗಲಾಗದೆ ಗಂಟಲಲ್ಲಿ ಉಳಿದದ್ದು ಒಂದೇ. ಹಳ್ಳಿಯಲ್ಲಿದ್ದಾಗ ಒಂದು ಬೆಳಿಗ್ಗೆ ತವರಿನಿಂದ ಮೋಟರ್ ಬೈಕಿನಲ್ಲಿ ಒಬ್ಬ ಬಂದು, ನಮ್ಮಮ್ಮ ತೀರಿಕೊಂಡಳೆಂದು ಹೇಳಿಹೋದ. ಬೇರೆ ಊರಿಗೂ ಸುದ್ದಿ ಮುಟ್ಟಿಸಬೇಕಾಗಿತ್ತು, ಅವನು ನಿಲ್ಲಲಿಲ್ಲ. ನಾನು ಸೀರೆ ಬದಲಿಸಿ ಬಾಗಿಲಿಗೆ ಬಂದಾಗ ಅತ್ತೆ ಅಂಗಳದಲ್ಲಿ ಹುರುಳಿಯ ಮೂಟೆ ಬಿಚ್ಚಿ ಕೂತಿದ್ದರು. ಸಂತೆಗೆ ಹೋಗುವ ಹುರುಳಿ, ಕೇರಿ ಹಸನು ಮಾಡಿಟ್ಟು ಹೋಗು ಅಂದರು. ಸತ್ತವಳು ಎದ್ದು ಎಲ್ಲೂ ಹೋಗುವುದಿಲ್ಲ ಅಂದರು. ನಾನು ಮೊರ ಹಿಡಿದು ಕೂತೆ. ಅಲ್ಲಿ ಬೆಳಗಿನ ಬಸ್ಸು ತಪ್ಪಿದರೆ ಮಧ್ಯಾಹ್ನದ ತನಕ ಇನ್ನೊಂದಿಲ್ಲ. ನಾನು ತವರು ಮುಟ್ಟುವ ಹೊತ್ತಿಗೆ ಅಮ್ಮನನ್ನು ಮಣ್ಣು ಮಾಡಿ ಬಂದವರು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ನನ್ನ ತಂಗಿ ನನ್ನ ಮುಖವನ್ನೂ ನೋಡದೆ ಒಳಗೆ ಹೋದಳು.

ಆ ದಿನದ ಬಗ್ಗೆ ಅತ್ತೆಯ ಬಾಯಿಂದ ಒಂದು ಮಾತು ಬರಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಕಾಲು ಹಿಡಿಯುವುದೇನೂ ಬೇಡ. ಅವತ್ತು ನಿನ್ನನ್ನು ಕಳಿಸಬೇಕಿತ್ತು ಅಂದರೆ ಸಾಕಿತ್ತು. ಅದಕ್ಕಾಗಿ ನಾನು ವರ್ಷಗಟ್ಟಲೆ ಕಾದೆ. ಅವರು ಮಾತ್ರ ಆ ದಿನ ಬಂದೇ ಇರಲಿಲ್ಲ ಅನ್ನುವಂತೆ ಬಾಳಿದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದದ್ದು ಅವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ. ಆಪರೇಷನ್ ತಡೆಯುವ ವಯಸ್ಸಲ್ಲ, ಮಲಗಿಸಿಯೇ ನೋಡಿಕೊಳ್ಳಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಮುಂದಿನ ಕೋಣೆಯಲ್ಲಿ ಮಂಚ ಹಾಕಿದೆವು. ಫ್ರಿಜ್ಜಿನ ಬೀಗದಕೈ ದಿಂಬಿನ ಅಡಿಗೆ ಹೋಯಿತು. ಅದೇ ಸಮಯಕ್ಕೆ ನನ್ನ ತಂಗಿ ಅವರನ್ನು ನೋಡಲು ಬಂದವಳು, ಬೇಜಾರಾದಾಗ ಓದಿಕೋ ಎಂದು ನನಗೊಂದು ಪುಸ್ತಕ ಕೊಟ್ಟುಹೋದಳು. ಕಿತ್ತಳೆಹಣ್ಣು ಅತ್ತೆಗೆ, ಪುಸ್ತಕ ನನಗೆ.

ಅದೊಂದು ಹಳೆಯ ಕಾಲದ ಹಾಸ್ಯ ನಾಟಕ, ಒಬ್ಬ ಪ್ರೊಫೆಸರು ಹೊಸದಾಗಿ ಟಿಪ್ಪಣಿ ಬರೆದು ಅಚ್ಚು ಹಾಕಿಸಿದ್ದು. ಕತೆ ಸುಲಭ. ಒಬ್ಬಳು ಅತ್ತೆ, ಉಗ್ರಾಣದ ಬೀಗದಕೈಯನ್ನು ಸೊಂಟದಿಂದ ಬಿಚ್ಚದವಳು. ಒಬ್ಬಳು ಹೊಸ ಸೊಸೆ, ಹಸಿದವಳು. ನಡುವೆ ಒಬ್ಬ ಪೆದ್ದ ಗಂಡ. ಜೊತೆಗೆ ಜೋಯಿಸನ ವೇಷ ಹಾಕಿ ತಂಗಿಯ ಸಹಾಯಕ್ಕೆ ಬರುವ ಸೊಸೆಯ ಅಣ್ಣ. ಬೀಗದಕೈಯನ್ನು ಎಗರಿಸಲು ಅಣ್ಣತಂಗಿ ಹೂಡುವ ಆಟಗಳೇ ನಾಟಕ. ಪುಟದ ಮೇಲರ್ಧ ನಾಟಕ, ಕೆಳಗರ್ಧ ಸಣ್ಣಕ್ಷರದಲ್ಲಿ ಪ್ರೊಫೆಸರು. ಕೆಲವು ಪುಟಗಳಲ್ಲಿ ನಾಟಕ ಎರಡು ಸಾಲು, ಉಳಿದದ್ದೆಲ್ಲ ಅವರೇ. ನಗಬೇಕಾದ ಕಡೆಯಲ್ಲೆಲ್ಲ ಏಕೆ ನಗಬೇಕೆಂದು ಬರೆದಿದ್ದರು. ಅತ್ತೆಯ ಸಿಟ್ಟು ಇಲ್ಲಿ ಹಾಸ್ಯಕ್ಕೆ ಕಾರಣವಾಗಿದೆ ಎಂದು ಒಂದು ಕಡೆ ಇತ್ತು. ಪುಣ್ಯಾತ್ಮ, ಅತ್ತೆಯ ಸಿಟ್ಟು ಒಂದು ದಿನವಾದರೂ ಕಂಡಿದ್ದನೋ ಇಲ್ಲವೋ.

ಮಧ್ಯಾಹ್ನ ಯಜಮಾನರು ಷಿಫ್ಟಿಗೆ ಹೋದಮೇಲೆ ಓದುತ್ತ ಕೂತಿದ್ದೆ. ಏನದು ಅಂತ ಅತ್ತೆ ಕೇಳಿದರು. ಚುಚ್ಚಲೆಂದೇ ಜೋರಾಗಿ ಓದಿದೆ. ಒಂದು ಪುಟ ಮುಗಿಯುವುದರೊಳಗೆ ಅವರು ಮೊಣಕೈ ಊರಿ ಏಳಲು ಹೋದರು. ಮುಂದಿನ ಮಾತನ್ನು ನನಗಿಂತ ಮೊದಲು ಅವರೇ ಹೇಳಿದರು. ಆ ನಾಟಕವನ್ನು ಅವರು ನೋಡಿದ್ದರು.

ಅವರು ಹೊಸದಾಗಿ ಮದುವೆಯಾದ ವರ್ಷ ಡೆಂಕಣಿಕೋಟೆಗೆ ಒಂದು ನಾಟಕದ ಕಂಪನಿ ಬಂದಿತ್ತಂತೆ. ಇಡೀ ಹಳ್ಳಿ ಗಾಡಿ ಕಟ್ಟಿಕೊಂಡು ಹೋಗಿತ್ತು. ಅತ್ತೆ ಆಗ ಹುಡುಗಿ, ತಮ್ಮ ಅತ್ತೆಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದರು. ನಕ್ಕರು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಸೊಸೆ ಅಷ್ಟು ನಗುವುದು ಆ ಮುದುಕಿಗೆ ಸರಿಬರಲಿಲ್ಲ. ಕೊನೆಯ ಅಂಕಕ್ಕೆ ಪರದೆ ಏಳುವ ಮೊದಲೇ ರಟ್ಟೆ ಹಿಡಿದು ಎಬ್ಬಿಸಿ ಗಾಡಿಯಲ್ಲಿ ಕೂರಿಸಿದಳು. ಮನೆಗೆ ಬಂದಮೇಲೆ ನಕ್ಕಿದ್ದಕ್ಕೆ ಸೌದೆಯಲ್ಲಿ ಬಾರಿಸಿದಳು. ಮುಂದೆ ಏನಾಯಿತೆಂದು ಉಳಿದವರನ್ನು ಕೇಳುವ ಧೈರ್ಯ ಅತ್ತೆಗೆ ಬರಲಿಲ್ಲ. ಕೇಳುವ ಧೈರ್ಯ ಬಂದಾಗ ನೋಡಿದವರು ಯಾರೂ ಉಳಿದಿರಲಿಲ್ಲ.

"ಕೊನೇಗೆ ಬೀಗದ್ಕೈ ಆ ಹುಡ್ಗೀಗೆ ಸಿಗ್ತದಾ?" ಅಂದರು.

ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ಮೈ ಉರಿಯಿತು. ಕಾಗದದ ಹುಡುಗಿಗೆ ಕಣ್ಣೀರು, ಕಣ್ಣೆದುರಿನ ಹುಡುಗಿಗೆ ಹುರುಳಿ. ಮೊದಲಿನಿಂದ ಕ್ರಮವಾಗಿ ಓದಿದರೇ ಗೊತ್ತಾಗುವುದು ಅಂದೆ. ದಿನಾ ಸ್ವಲ್ಪ ಸ್ವಲ್ಪ ಓದುತ್ತೇನೆ ಅಂದೆ. ನನಗೇನೂ ಅವಸರವಿರಲಿಲ್ಲ.

ಒಂದು ಟಿಪ್ಪಣಿಯನ್ನೂ ಬಿಡದೆ ಓದಿದೆ. ಮುನ್ನುಡಿ ಓದಿದೆ. ಯಾವ ಹಸ್ತಪ್ರತಿ ಎಲ್ಲಿ ಸಿಕ್ಕಿತು, ಅದರಲ್ಲಿ ಎಷ್ಟು ಗೆದ್ದಲು ಹಿಡಿದಿತ್ತು ಅನ್ನುವುದನ್ನೂ ಓದಿದೆ. ಬೇರೆ ಯಾರಾದರೂ ಆಗಿದ್ದರೆ ಸಾಕು ಮುಚ್ಚು ಅನ್ನುತ್ತಿದ್ದರು. ಆದರೆ ಅತ್ತೆಗೆ ಅದು ಅಭ್ಯಾಸವಿದ್ದ ಸಂಗತಿ. ನಮ್ಮ ಗುಡ್ಡದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಗುಡಿಯ ಮುಂದೆ ಪುರಾಣ ಓದಿಸುತ್ತಾರೆ. ಒಬ್ಬ ಪದ್ಯ ಓದಿದರೆ ಪಕ್ಕದಲ್ಲಿ ಕೂತ ಇನ್ನೊಬ್ಬ ಅರ್ಥ ಹೇಳುತ್ತಾನೆ. ಓದುವವನು ಯಾರಾದರೂ ಆಗಬಹುದು, ಅರ್ಥ ಹೇಳುವವನು ಮಾತ್ರ ತಿಳಿದವನಾಗಿರಬೇಕು. ಜಗಳ, ಪಂಚಾಯಿತಿ ಆದಾಗಲೂ ಊರವರು ಅವನು ಹೇಳಿದ ಅರ್ಥವನ್ನೇ ಎತ್ತಿ ಆಡುವುದು, ಪದ್ಯ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಅತ್ತೆ ಪುಸ್ತಕದೊಳಗೆ ಇಬ್ಬರನ್ನು ಕೂರಿಸಿಬಿಟ್ಟರು. ಮೇಲೆ ಕೂತು ಕತೆ ಹೇಳುವವನು ಮ್ಯಾಗ್ಲೋನು, ಕೆಳಗೆ ಕೂತು ಅರ್ಥ ಬಿಡಿಸುವವನು ಕೆಳಗ್ಲೋನು. ಒಂದು ಪ್ರಸಂಗ ಮುಗಿದ ಕೂಡಲೇ ಕೆಳಗ್ಲೋನು ಏನಂತಾನೆ ಅಂತ ಕೇಳುತ್ತಿದ್ದರು. ಒನಕೆ ಎಂದರೆ ಭತ್ತ ಕುಟ್ಟುವ ಮರದ ಸಾಧನ ಎಂದು ಟಿಪ್ಪಣಿ ಇದ್ದಾಗ ಮಾತ್ರ ಅವರಿಗೂ ಸ್ವಲ್ಪ ಅನುಮಾನ ಬಂತು. ಪಾಪ, ಪಟ್ಟಣದೋರಿಗೆ ಹೇಳ್ತಾವ್ನೆ ಅಂತ ತಾವೇ ಸಮಾಧಾನ ಮಾಡಿಕೊಂಡರು.

ನಾನು ಬೇಕೆಂದೇ ನಾಟಕದ ಅತ್ತೆಯ ಮಾತುಗಳನ್ನು ಇವರ ದನಿಯಲ್ಲೇ ಓದುತ್ತಿದ್ದೆ. ಇವರ ಹಾಗೆ ಮೂಗಿನಿಂದ ಎಳೆದು, ಇವರ ಹಾಗೆ ಕೊನೆಗೊಂದು ನಿಟ್ಟುಸಿರು ಬಿಟ್ಟು. ಪಕ್ಕದ ಮನೆಯಾಕೆ ಒಂದು ಸಲ ಬಾಗಿಲಲ್ಲಿ ನಿಂತು ಕೇಳಿದವಳು ನಗು ತಡೆಯಲಾಗದೆ ಓಡಿಹೋದಳು. ಅತ್ತೆಗೆ ಏನೂ ತಟ್ಟಲಿಲ್ಲ. ನಾಟಕದ ಆ ಮುದುಕಿಯ ಬಾಯಿಗೆ ಹುಳ ಬೀಳಲಿ ಎಂದು ಶಾಪ ಹಾಕಿದರು. ಜೋಯಿಸನ ವೇಷದ ಅಣ್ಣ, ಗ್ರಹಶಾಂತಿಗೆ ಕಬ್ಬಿಣ ಮೈಮೇಲಿರಬಾರದು ಎಂದು ಹೇಳಿ ಬೀಗದಕೈ ಬಿಚ್ಚಿಸುವ ಪ್ರಸಂಗ ಬಂದಾಗ ಮಲಗಿದಲ್ಲೇ ಚಪ್ಪಾಳೆ ತಟ್ಟಿದರು. ತಟ್ಟಿದ ರಭಸಕ್ಕೆ ದಿಂಬು ಸರಿದು ಫ್ರಿಜ್ಜಿನ ಬೀಗದಕೈ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಡು ಅಂದರು. ಎತ್ತಿಕೊಟ್ಟೆ. ದಿಂಬಿನ ಅಡಿಗೆ ಸೇರಿಸಿಕೊಂಡು, ಆ ಹುಡುಗಿ ಜಾಣೆ ಕಣಮ್ಮಿ, ಮುಂದಕ್ಕೆ ಓದು ಅಂದರು.

ಅವರಿಗೆ ನಟನೆ ಬರುತ್ತಿರಲಿಲ್ಲ, ಆದ್ದರಿಂದ ಅದು ನಟನೆಯಲ್ಲ. ಅವರು ನಿಜವಾಗಿಯೂ ಆ ಹುಡುಗಿಯೇ ಆಗಿದ್ದರು. ಕೊನೆಯ ಅಂಕ ಸಿಗದೆ ಗಾಡಿ ಹತ್ತಿದ ಹುಡುಗಿ ಅಲ್ಲೇ ಕೂತುಬಿಟ್ಟಿದ್ದಳು. ಅವರ ಲೆಕ್ಕದಲ್ಲಿ ನನಗೆ ಹಾಲು ಅಳೆದುಕೊಟ್ಟವರು ಯಾರೋ ಬೇರೆ, ಅವರಿಗೂ ಇವರಿಗೂ ಸಂಬಂಧವಿಲ್ಲ. ಈ ವಿಷಯ ತಿಳಿದಾಗ ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ನಾನು ಒಳಗೊಳಗೇ ಬೆಂದ ಇಷ್ಟು ವರ್ಷವೂ ಇವರಿಗೆ ತಾವೇ ನೊಂದವರು.

ನಾಲ್ಕನೆಯ ಅಂಕದಲ್ಲಿ ತವರಿನ ಪ್ರಸಂಗ ಬಂತು. ಸೊಸೆಯ ತಂದೆಗೆ ಕಾಯಿಲೆ ಎಂದು ಆಳೊಬ್ಬ ಓಡಿಬರುತ್ತಾನೆ. ಅದು ಅಣ್ಣ ಹೂಡಿದ ಸುಳ್ಳು, ನೋಡುವವರಿಗೆಲ್ಲ ಗೊತ್ತು, ಆದ್ದರಿಂದಲೇ ತಮಾಷೆ. ಸೊಸೆ ಬಾಗಿಲು ದಾಟಿದಾಗಲೆಲ್ಲ ಅತ್ತೆ ಹಿಂದಕ್ಕೆ ಕರೆದು ಇನ್ನೊಂದು ಕೆಲಸ ಹೇಳುತ್ತಾಳೆ. ಅಕ್ಕಿ ಆರಿಸು. ಸಗಣಿ ತಟ್ಟು. ಕಳೆದ ಸೂಜಿ ಹುಡುಕಿಕೊಡು. ಜನ ನಗುವಷ್ಟು ಹೊತ್ತೂ ಈ ದೃಶ್ಯವನ್ನು ಬೆಳೆಸುತ್ತಿದ್ದರು, ಅತ್ತೆಯ ಪಾತ್ರ ಹಾಕಿದ ಗಂಡಸು ರಂಗದಿಂದ ಇಳಿದುಬಂದು ಮುಂದಿನ ಸಾಲಿನವರ ಶಾಲುಗಳನ್ನೇ ಕಸಿದು ಇವನ್ನೂ ಮಡಿಸಿಟ್ಟು ಹೋಗು ಅನ್ನುತ್ತಿದ್ದ ಎಂದು ಟಿಪ್ಪಣಿ ಹೇಳುತ್ತಿತ್ತು. ಇಡೀ ನಾಟಕದಲ್ಲಿ ಅತಿ ಹೆಚ್ಚು ನಗೆ ಇಲ್ಲಿಯೇ ಎಂದೂ ಇತ್ತು.

ನಾನು ಅದನ್ನು ಯಾರ ದನಿಯನ್ನೂ ಅನುಕರಿಸದೆ, ನನ್ನ ದನಿಯಲ್ಲೇ ನಿಧಾನವಾಗಿ ಓದಿದೆ. ಒಂದೊಂದು ಕೆಲಸದ ಅಡಿಗೂ ಬೆರಳಿಡುತ್ತ ಹೋದೆ. ಅತ್ತೆ ಮೊದಲು ನಕ್ಕರು. ಸಗಣಿ ತಟ್ಟುವಲ್ಲಿ ಕೆಮ್ಮು ಬರುವಷ್ಟು ನಕ್ಕರು. ಸೂಜಿ ಹುಡುಕುವಲ್ಲಿಗೆ ಬಂದಾಗ ನಗು ನಿಂತಿತು. ನಾನು ತಲೆಯೆತ್ತಿ ನೋಡಿದೆ. ಅವರು ನನ್ನನ್ನು ನೋಡುತ್ತಿದ್ದರು. ನನ್ನ ಕೈಗಳನ್ನು ನೋಡುತ್ತಿದ್ದರು. ಕೆಳಗ್ಲೋನು ಏನಂತಾನೆ ಅಂತ ಅವತ್ತು ಕೇಳಲಿಲ್ಲ. ಸಾಕು ಎಂದು ಗೋಡೆಯ ಕಡೆ ತಿರುಗಿದರು.

ಅಲ್ಲಿಂದ ಅವರಿಗೆ ನಿದ್ದೆ ಹೋಯಿತು. ಊಟ ಸೇರಲಿಲ್ಲ. ಮಗ ಬಂದು ಎಲ್ಲಿ ನೋವು ಅಂತ ಕೇಳಿದರೆ ಎಲ್ಲೂ ಇಲ್ಲ ಅಂದರು. ನನ್ನನ್ನು ಮಾತ್ರ ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಿತ್ತಿಲಿಗೆ ಓಡಾಡುವಾಗೆಲ್ಲ ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು. ಗಂಡನ ಊರಿಂದ ಬಂದ ಮಗಳಿಗೆ ಹಾಲು ಬೇಕೆಂದು ಹೋಗಿ ನಿಂತರೆ, ಕೇಳುವ ಮೊದಲೇ ಬೀಗದಕೈ ಕೊಟ್ಟರು. ಮಾತು ಬರುತ್ತಿದೆ ಎಂದು ನನಗೆ ಗೊತ್ತಾಯಿತು. ಎಷ್ಟೋ ವರ್ಷದ ಮಾತು, ಗಂಟಲ ತನಕ ಬಂದಿದೆ. ನಾನು ಕಾದೆ.

ಕೊನೆಗೊಂದು ಮಧ್ಯಾಹ್ನ ಅವರೇ ಕರೆದರು.

"ಆ ಕೊನೇದು ಓದ್ಬುಡಮ್ಮಿ. ಅದು ಕೇಳ್ಕಂಡು ಆಮ್ಯಾಕೆ ನಿಂಗೊಂದು ಮಾತು ಹೇಳ್ಬೇಕು."

ನಾನು ಆ ಕೊನೆಯನ್ನು ಎಂದೋ ಓದಿ ಮುಗಿಸಿದ್ದೆ. ಬೀಗದಕೈ ಸೊಸೆಗೇ ಸಿಗುತ್ತದೆ. ಅತ್ತೆ ಊರವರ ಮುಂದೆ ಕೆನ್ನೆ ಬಡಿದುಕೊಂಡು ತಪ್ಪಾಯಿತು ಅನ್ನುತ್ತಾಳೆ, ಸೊಸೆ ಉಗ್ರಾಣ ತೆರೆದು ಮೊದಲ ಊಟ ಅವಳಿಗೇ ಬಡಿಸುತ್ತಾಳೆ. ಅಷ್ಟನ್ನು ಓದಿದ್ದರೆ ಆಗುತ್ತಿತ್ತು. ಆದರೆ ಅವರ ಕಾಯುತ್ತಿದ್ದ ಆ ಮುಖ, ಈಗ ತಮಗೆ ಸಿಹಿ ಸಿಗುತ್ತದೆ ಎಂಬ ಆ ಮುಖ ನೋಡಿದಾಗ ನನ್ನ ತಲೆ ಕೆಟ್ಟಿತು. ಇವರು ಇಷ್ಟು ವರ್ಷ ಕಾದ ಕೊನೆ ಇವರಿಗೆ ಸಿಕ್ಕಿಬಿಡಬೇಕೇ? ಮೊದಲು ಒಂದು ಸಲ ಇವರ ಹೊಟ್ಟೆ ಉರಿಯಲಿ ಅನ್ನಿಸಿತು. ಮಾತು ಹೇಗೂ ಬರುತ್ತದೆ, ಹೇಳುತ್ತೇನೆಂದು ಒಪ್ಪಿಕೊಂಡಾಗಿದೆ. ನನಗೆ ಎರಡೂ ಬೇಕಾಗಿತ್ತು.

ಕೊನೆಯ ಪುಟದ ಅಡಿಯಲ್ಲಿ ಒಂದು ಟಿಪ್ಪಣಿ ಇತ್ತು. ಇನ್ನೊಂದು ಪ್ರತಿಯಲ್ಲಿ ಕೊನೆ ಬೇರೆ ರೀತಿ ಇದೆ, ಸೊಸೆ ಬೀಗದಕೈಯನ್ನು ತಾನೇ ಅತ್ತೆಯ ಸೊಂಟಕ್ಕೆ ಸಿಕ್ಕಿಸಿ ಕಾಲಿಗೆ ಬೀಳುತ್ತಾಳೆ, ಅತ್ತೆ ಸಭೆಯ ಕಡೆ ತಿರುಗಿ ಮನೆ ನಡೆಯುವುದೇ ಹೀಗೆ ಅನ್ನುತ್ತಾಳೆ, ಪರದೆ ಬೀಳುತ್ತದೆ ಎಂದು. ಇದು ನಾಟಕಕಾರನದಲ್ಲ, ಯಾವನೋ ಕಂಪನಿ ಮಾಲೀಕ ಸೇರಿಸಿದ್ದು ಎಂದು ಅದರ ಕೊನೆಯ ಸಾಲು. ನಾನು ಆ ಕೊನೆಯ ಸಾಲೊಂದನ್ನು ಬಿಟ್ಟು ಉಳಿದದ್ದನ್ನು ಓದಿದೆ.

ಅತ್ತೆ ಅಳುತ್ತಾರೆ ಅಂದುಕೊಂಡೆ. ಅವರು ಇದು ಯಾರು ಹೇಳಿದ್ದು ಅಂತ ಕೇಳಿದರು. ಕೆಳಗಿನವನು ಅಂದೆ. ನಿಜವನ್ನೇ ಹೇಳಿದೆ. ಕಾಲಿಗೆ ಅವಳಾಗೇ ಬಿದ್ದಳಾ ಅಂತ ಕೇಳಿದರು. ಅವಳಾಗೇ ಬಿದ್ದಳು ಅಂದೆ. ಅವರ ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು. ಉಸಿರು ದೀರ್ಘವಾಗಿ ಬಿಟ್ಟು, ಹಂಗಾದ್ರೆ ಸರಿ, ನಮ್ಮತ್ತೆ ನಂಗೆ ಹೊಡ್ದಿದ್ದೂ ಸರಿನೇ ಅಂದರು. ಆಮೇಲೆ ಹಸಿವಾಗುತ್ತಿದೆ ಅಂದರು.

ನನಗೆ ದಿಗಿಲಾಯಿತು. ತಟ್ಟನೆ ಪುಟದ ಮೇಲ್ಭಾಗಕ್ಕೆ ಹೋಗಿ ನಿಜವಾದ ಕೊನೆಯನ್ನು ಓದತೊಡಗಿದೆ. ನಾಟಕದ ಅತ್ತೆ ಕೆನ್ನೆ ಬಡಿದುಕೊಳ್ಳುವುದನ್ನು ಓದಿದೆ, ಬಿಟ್ಟಿದ್ದ ಆ ಸಾಲನ್ನೂ ಓದಿದೆ. ಅವರು ಕೈಯೆತ್ತಿ ತಡೆದರು. ನೀನು ಈಗ ಹೊಸದಾಗಿ ಸೇರಿಸಬೇಡ ಅಂದರು, ಮ್ಯಾಗ್ಲೋನು ಜನ ನಗ್ಲಿ ಅಂತ ಏನ್ ಬೇಕಾದ್ರೂ ಹೇಳ್ತಾನೆ ಅಂದರು. ಅಕ್ಷರ ತೋರಿಸೋಣವೆಂದರೆ ಅವರಿಗೆ ಓದು ಬಾರದು. ಓದಿ ಹೇಳಿ ಎಂದು ಯಾರನ್ನಾದರೂ ಕರೆಯೋಣವೆಂದರೆ ಈ ಮನೆಯಲ್ಲಿ ನಾನೊಬ್ಬಳೇ.

ಇನ್ನು ನಾಚಿಕೆ ಬಿಟ್ಟು ಕೇಳುವುದೊಂದೇ ಉಳಿದಿತ್ತು. ಮಂಚದ ಅಂಚಿನಲ್ಲಿ ಕೂತು ಕೇಳಿದೆ.

"ಅತ್ತೆ, ಏನೋ ಮಾತು ಹೇಳ್ಬೇಕು ಅಂದಿದ್ರಲ್ಲ. ನಮ್ಮಮ್ಮ ಸತ್ತ ದಿನದ ಮಾತಾ?"

ಅವರು ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಬಂದಮೇಲೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಬೆಚ್ಚಗಿತ್ತು.

"ಹೂಂ ಕಣಮ್ಮಿ, ಅದೇಯ. ಅವತ್ತು ಹುರುಳಿ ಕೇರಾಕೆ ಕೂರ್ಸ್ಕಂಡಿದ್ದು ನಂಗೂ ಗ್ಯಾಪ್ಕ ಐತೆ. ತೆಪ್ಪು ಮಾಡ್ಬುಟ್ಟೆ ಅಂತ ನಿನ್ ತಾವ ಹೇಳಾನ ಅಂತ ಒದ್ದಾಡ್ತಿದ್ದೆ. ಈಗ ಯಾಕ್ ಬುಡು. ತಿಳ್ದೋನು ಕೆಳಗ್ಲೋನೇ ಸರಿ ಅಂದ್ಮ್ಯಾಕೆ, ಅದು ತೆಪ್ಪಲ್ಲ."

ಮುದ್ದೆ ಬಿಸಿಯಾಗಿರಲಿ, ಸಾರಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕು ಅಂದರು. ಎದ್ದು ಹೋಗಿ ಮಾಡಿ ತಂದೆ. ತಟ್ಟೆ ಖಾಲಿ ಮಾಡಿ ಕೈ ತೊಳೆಸಿಕೊಂಡು ಮಲಗಿದರು. ಅವತ್ತಿನಿಂದ ಸಾಯುವ ತನಕ ಅವರಿಗೆ ಒಳ್ಳೆಯ ನಿದ್ದೆ ಬಂತು.